ತಟ್ಟೆಯಲ್ಲಿ ನೀರು, ಮೇಲೊಂದು ಹನಿ ಎಣ್ಣೆ: ಮನೆಯೊಳಗೇ ಅಮೂರ್ತ ಛಾಯಾಗ್ರಹಣ

ಕೊಣನೂರು: ಆಷಾಢ ಕಾಲಿಟ್ಟಿತೆಂದರೆ ಅರಕಲಗೂಡು ತಾಲ್ಲೂಕಿನ ಊರುಗಳಲ್ಲಿ ವಾಲಗದ ಸದ್ದು ಅಡಗುತ್ತದೆ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಅವುಗಳನ್ನೇ ನೆಚ್ಚಿಕೊಂಡ ಛಾಯಾಗ್ರಾಹಕರ ಕ್ಯಾಮೆರಾಗಳಿಗೂ ಬಿಡುವು. ಹೊರಗೆ ಹೋಗಿ ಚಿತ್ರ ತೆಗೆಯೋಣವೆಂದರೆ ಜಿಟಿಜಿಟಿ ಮಳೆ. ಕಾವೇರಿಯ ದಂಡೆಯ ಕೊಣನೂರಿನಲ್ಲಿ ಆಗ ಕಣ್ಣಿಗೆ ಬೀಳುವ ಬಣ್ಣವೆಂದರೆ ವಾಹನಗಳು ನಿಂತು ಹೋದ ಜಾಗದ ಗುಂಡಿಯ ನೀರಿನಲ್ಲಿ ಹರಡಿಕೊಂಡ ಡೀಸೆಲ್ಲಿನ ನವಿಲುಬಣ್ಣ ಮಾತ್ರ. ಎಲ್ಲರೂ ಅದನ್ನು ದಾಟಿಕೊಂಡು ಹೋಗುತ್ತಾರೆ. ಆದರೆ ಎಣ್ಣೆ ಮತ್ತು ನೀರು ಸೇರಿದಲ್ಲಿ ಬೆಳಕು ಆಡುವ ಈ ಆಟವನ್ನು ಅಡುಗೆಮನೆಯ ಗಾಜಿನ ಬಟ್ಟಲಿನಲ್ಲಿ, ಸಾಮಾನ್ಯ ಕ್ಯಾಮೆರಾ ಅಥವಾ ಮೊಬೈಲ್ ಫೋನಿನಿಂದಲೇ ಸೆರೆಹಿಡಿಯಬಹುದು. ಗ್ರಹಗಳಂತೆ, ಜೀವಕೋಶಗಳಂತೆ, ಕೆಲವೊಮ್ಮೆ ಏನೂ ಅಲ್ಲದಂತೆ ಕಾಣುವ ಆ ಚಿತ್ರಗಳು ಅಮೂರ್ತ ಛಾಯಾಗ್ರಹಣದ ಅತ್ಯಂತ ಅಗ್ಗದ ಪಾಠಶಾಲೆ.

ಆರಂಭದಲ್ಲೇ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ರಸ್ತೆಯ ಗುಂಡಿಯ ಬಣ್ಣವೂ ಬಟ್ಟಲಿನ ಬಣ್ಣವೂ ಒಂದೇ ಅಲ್ಲ. ಡೀಸೆಲ್ ನೀರಿನ ಮೇಲೆ ಅತಿ ತೆಳುವಾದ ಪೊರೆಯಾಗಿ ಹರಡುತ್ತದೆ. ಪೊರೆಯ ಮೇಲ್ಭಾಗದಿಂದ ಪ್ರತಿಫಲಿಸಿದ ಬೆಳಕೂ ಕೆಳಭಾಗದಿಂದ ಪ್ರತಿಫಲಿಸಿದ ಬೆಳಕೂ ಒಂದಕ್ಕೊಂದು ಕೂಡಿ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಇದಕ್ಕೆ ವ್ಯತಿಕರಣ ಎಂದು ಹೆಸರು. ಸಾಬೂನಿನ ಗುಳ್ಳೆಯ ಬಣ್ಣವೂ ಇದೇ. ಕೆಳಗೆ ಕಪ್ಪು ಡಾಂಬರು ಇರುವುದರಿಂದ ಬೇರೆ ಬೆಳಕಿನ ಹಾವಳಿಯಿಲ್ಲದೆ ಬಣ್ಣ ಎದ್ದು ಕಾಣುತ್ತದೆ. ಬಟ್ಟಲಿನಲ್ಲಿ ತೇಲುವ ಅಡುಗೆ ಎಣ್ಣೆಯ ಹನಿಯಾದರೋ ಈ ಲೆಕ್ಕಕ್ಕೆ ಬಹಳ ದಪ್ಪ. ಅದಕ್ಕೆ ತನ್ನದೆನ್ನುವ ಬಣ್ಣವಿಲ್ಲ. ಅದು ಒಂದು ಪುಟ್ಟ ಪೀನ ಮಸೂರ. ಬಟ್ಟಲಿನ ಕೆಳಗೆ ಇಟ್ಟದ್ದನ್ನು ಅದು ಹಿಡಿದು, ಕುಗ್ಗಿಸಿ, ತಲೆಕೆಳಗು ಮಾಡಿ ತೋರಿಸುತ್ತದೆ. ಚಿತ್ರದಲ್ಲಿ ಕಾಣುವ ಕೆಂಪು, ನೀಲಿ, ಹಳದಿಗಳೆಲ್ಲ ಕೆಳಗಿಟ್ಟ ಕಾಗದದ್ದೋ ಬಟ್ಟೆಯದ್ದೋ ಬಣ್ಣ.

ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33; ಸೂರ್ಯಕಾಂತಿ ಎಣ್ಣೆಯದು ಸುಮಾರು 1.47. ಗಾಳಿಯಿಂದ ಎಣ್ಣೆಗೆ, ಎಣ್ಣೆಯಿಂದ ನೀರಿಗೆ ದಾಟುವಾಗ ಬೆಳಕು ಬಾಗುತ್ತದೆ. ಹನಿ ಮೇಲಕ್ಕೂ ಕೆಳಕ್ಕೂ ಉಬ್ಬಿರುವುದರಿಂದ ಬಾಗಿದ ಕಿರಣಗಳು ಒಂದೆಡೆ ಕೂಡುತ್ತವೆ. ಪರೀಕ್ಷಿಸಬೇಕೆಂದರೆ ಕಾಗದದ ಮೇಲೆ ದಪ್ಪಕ್ಷರದಲ್ಲಿ ‘ಕ’ ಬರೆದು ಬಟ್ಟಲಿನಿಂದ ಒಂದು ಗೇಣು ಕೆಳಗೆ ಇಟ್ಟರೆ ಸಾಕು. ತೇಲುವ ಒಂದೊಂದು ಸಣ್ಣ ಹನಿಯೊಳಗೂ ಒಂದೊಂದು ತಲೆಕೆಳಗಾದ ‘ಕ’ ಕಾಣುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ಮಸೂರದ ಪಾಠವನ್ನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಹೇಳುವುದಕ್ಕಿಂತ ಇದು ಎಷ್ಟೋ ಮೇಲು.

ಮೊದಲ ಹನಿ ಏಕೆ ಕಾಣೆಯಾಗುತ್ತದೆ?

ಹೊಸದಾಗಿ ಪ್ರಯತ್ನಿಸುವವರು ಮೊದಲು ಎದುರಿಸುವ ವಿಚಿತ್ರವಿದು. ಚೆನ್ನಾಗಿ ತೊಳೆದ ಬಟ್ಟಲಿನಲ್ಲಿ ಶುದ್ಧ ನೀರು ತುಂಬಿ ಒಂದು ಹನಿ ಎಣ್ಣೆ ಬಿಟ್ಟರೆ ಅದು ದುಂಡಗೆ ನಿಲ್ಲುವುದಿಲ್ಲ. ಗಕ್ಕನೆ ಹರಡಿ ಬಹುಪಾಲು ಮಾಯವಾಗುತ್ತದೆ. ಅದೇ ಬಟ್ಟಲಿಗೆ ಎರಡನೆಯ, ಮೂರನೆಯ ಹನಿ ಬಿಟ್ಟರೆ ಅವು ಹರಡದೆ ದುಂಡಾಗಿ ಕೂರುತ್ತವೆ. ಎಣ್ಣೆ ಅದೇ, ನೀರೂ ಅದೇ.

ಕಾರಣ ಮೇಲ್ಮೈ ಎಳೆತದಲ್ಲಿದೆ. ನೀರಿನ ಮೇಲ್ಮೈ ಬಿಗಿಯಾಗಿ ಎಳೆದ ಪೊರೆಯಂತೆ ವರ್ತಿಸುತ್ತದೆ. ಆ ಎಳೆತ ಎಣ್ಣೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಶುದ್ಧ ನೀರು ಹನಿಯ ಅಂಚನ್ನು ಎಲ್ಲ ಕಡೆಯಿಂದಲೂ ಹೊರಕ್ಕೆ ಜಗ್ಗಿ ಹರಡಿಬಿಡುತ್ತದೆ. ಹೀಗೆ ಹರಡಿದ ಎಣ್ಣೆ ಕೇವಲ ಒಂದು ಅಣುವಿನಷ್ಟು ದಪ್ಪದ ಹಾಸಾಗಿ ಬಟ್ಟಲನ್ನೆಲ್ಲ ಮುಚ್ಚುತ್ತದೆ. ಆ ಹಾಸು ಬಿದ್ದ ಮೇಲೆ ನೀರಿನ ಎಳೆತ ತಗ್ಗುತ್ತದೆ. ಮುಂದಿನ ಹನಿಗಳನ್ನು ಜಗ್ಗುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ.

ಇದನ್ನು ಲೆಕ್ಕಕ್ಕೆ ಹತ್ತಿರ ತಂದವರಲ್ಲಿ ಮೊದಲಿಗ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಲಂಡನ್ನಿನ ಕ್ಲಾಫಂ ಎಂಬಲ್ಲಿನ ಕೆರೆಗೆ ಒಂದು ಟೀ ಚಮಚಕ್ಕಿಂತ ಹೆಚ್ಚಿಲ್ಲದಷ್ಟು ಎಣ್ಣೆ ಸುರಿದಾಗ ಸುಮಾರು ಅರ್ಧ ಎಕರೆ ನೀರು ಕನ್ನಡಿಯಂತೆ ಶಾಂತವಾದುದನ್ನು ಅವನು ವರ್ಣಿಸಿದ. ಆ ಬರಹ 1774ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಎಕರೆಯೆಂದರೆ ನಮ್ಮ 20 ಗುಂಟೆ, ಸುಮಾರು 2000 ಚದರ ಮೀಟರ್. ಒಂದು ಚಮಚಕ್ಕೆ 5 ಮಿಲಿಲೀಟರ್ ಎಂದು ಹಿಡಿದು ಭಾಗಿಸಿದರೆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಎರಡೂವರೆ ಪಾಲು. ಅಣುಗಳ ಗಾತ್ರಕ್ಕೆ ಇಷ್ಟು ಹತ್ತಿರದ ಅಂಕಿ ಚಮಚವೊಂದರಲ್ಲಿ ಅಡಗಿತ್ತು. ಫ್ರಾಂಕ್ಲಿನ್ ಮಾತ್ರ ಆ ಭಾಗಾಕಾರ ಮಾಡಲಿಲ್ಲ!

ಇನ್ನೊಂದು ಪರೀಕ್ಷೆ ನಮ್ಮ ದೇವರ ಮನೆಯದೇ. ಶುದ್ಧ ನೀರಿನ ಮೇಲೆ ಕರ್ಪೂರದ ಸಣ್ಣ ಚೂರು ಹಾಕಿದರೆ ಅದು ಹುಚ್ಚೆದ್ದಂತೆ ಸುತ್ತುತ್ತದೆ. ಬೆರಳಿಗೆ ಎಣ್ಣೆ ಸವರಿ ನೀರಿಗೆ ಮುಟ್ಟಿಸಿದೊಡನೆ ನಿಂತುಬಿಡುತ್ತದೆ. ಕರ್ಪೂರದ ಓಟ ನಿಲ್ಲಿಸಲು ಎಷ್ಟು ತೆಳುವಾದ ಎಣ್ಣೆ ಸಾಕೆಂದು ಇಂಗ್ಲೆಂಡಿನ ಲಾರ್ಡ್ ರೇಲಿ 1890ರಲ್ಲಿ ಅಳೆದ. ಮರುವರ್ಷವೇ ಅವನಿಗೆ ಜರ್ಮನಿಯ ಬ್ರೌನ್‌ಶ್ವೈಗ್ ಎಂಬ ಊರಿನಿಂದ ಒಂದು ಕಾಗದ ಬಂತು. ಬರೆದವಳು ಆಗ್ನೆಸ್ ಪೋಕೆಲ್ಸ್. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ; ತಂದೆತಾಯಿಯ ಆರೈಕೆ, ಮನೆಗೆಲಸಗಳ ನಡುವೆ ಅವಳು ತಗಡಿನ ತೊಟ್ಟಿ, ತಕ್ಕಡಿ, ಒಂದು ಗುಂಡಿ ಇಟ್ಟುಕೊಂಡು ನೀರಿನ ಮೇಲ್ಮೈ ಎಳೆತವನ್ನು ವರ್ಷಗಟ್ಟಲೆ ಅಳೆದಿದ್ದಳು. ಪಾತ್ರೆ ತೊಳೆಯುವ ನೀರಿನ ಜಿಡ್ಡೇ ಅವಳ ಕುತೂಹಲದ ಮೂಲವೆಂದು ಹೇಳುವುದುಂಟು. ರೇಲಿ ಆ ಪತ್ರವನ್ನು ಹೆಂಡತಿಯಿಂದ ಇಂಗ್ಲಿಷಿಗೆ ಅನುವಾದಿಸಿಸಿ ‘ನೇಚರ್’ ಪತ್ರಿಕೆಗೆ ಕಳುಹಿಸಿದ; 1891ರ ಮಾರ್ಚ್‌ನಲ್ಲಿ ಅದು ಅಚ್ಚಾಯಿತು. ಮೇಲ್ಮೈ ವಿಜ್ಞಾನದ ತಳಹದಿಯ ಉಪಕರಣಗಳಲ್ಲೊಂದು ಹುಟ್ಟಿದ್ದು ಮನೆಯೊಳಗೆ. ಅಡುಗೆಮನೆಯ ಪ್ರಯೋಗವನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಅವಳ ಹೆಸರನ್ನು ನೆನಪಿಡುವುದು ಒಳ್ಳೆಯದು. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಸಿ.ವಿ. ರಾಮನ್ ಕೂಡ ತಮ್ಮ ತೀರ ಮೊದಲ ಲೇಖನಗಳಲ್ಲೊಂದನ್ನು 1907ರಲ್ಲಿ ಬರೆದದ್ದು ದ್ರವಗಳ ಮೇಲ್ಮೈ ಎಳೆತವನ್ನು ವಕ್ರತೆಯಿಂದ ಅಳೆಯುವ ಬಗೆಯನ್ನು ಕುರಿತು.

ಬಿಜಾಪುರದ ತೇಲುಬಣ್ಣ

ದ್ರವದ ಮೇಲೆ ಬಣ್ಣ ತೇಲಿಸಿ ಚಿತ್ರ ಪಡೆಯುವುದು ಕರ್ನಾಟಕಕ್ಕೆ ಹೊಸತೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ, ಆದಿಲಶಾಹಿಗಳ ಬಿಜಾಪುರದಲ್ಲಿ ರಚಿತವಾದವೆಂದು ವಿದ್ವಾಂಸರು ಗುರುತಿಸುವ ಕೆಲವು ಅಪೂರ್ವ ಚಿತ್ರಗಳಿವೆ. ಅಂಟಿನಿಂದ ಮಂದಗೊಳಿಸಿದ ನೀರಿನ ಮೇಲೆ ಬಣ್ಣಗಳನ್ನು ತೇಲಿಸಿ, ಕಡ್ಡಿಯಿಂದ ಕದಡಿ, ಮೇಲೆ ಕಾಗದ ಹಾಸಿ ಎತ್ತಿದರೆ ಅಮೃತಶಿಲೆಯ ನರಗಳಂತಹ ಸುರುಳಿಗಳು ಕಾಗದಕ್ಕೆ ಇಳಿಯುತ್ತವೆ. ಪರ್ಷಿಯಾ, ತುರ್ಕಿಗಳಲ್ಲಿ ಇದು ಹೆಚ್ಚಾಗಿ ಪುಸ್ತಕದ ಅಂಚಿನ ಅಲಂಕಾರವಾಗಿತ್ತು. ದಖನ್ನಿನ ಕಲಾವಿದರು ಅದರಲ್ಲೇ ಆಕೃತಿ ಮೂಡಿಸಿದರು. ಬಡಕಲು ಕುದುರೆ, ಅದರ ಮೇಲೆ ಕುಳಿತ ಸನ್ಯಾಸಿ, ಇಡೀ ಮೈ ಬಣ್ಣದ ಸುರುಳಿಗಳಿಂದಲೇ ಆದದ್ದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂತಹ ಚಿತ್ರವಿದ್ದು, 2015ರಲ್ಲಿ ಅಲ್ಲಿ ನಡೆದ ದಖನ್ ಸುಲ್ತಾನರ ಕಲಾ ಪ್ರದರ್ಶನದಲ್ಲಿ ಈ ಪರಂಪರೆಗೆ ಪ್ರತ್ಯೇಕ ಗಮನ ಸಂದಿತು. ಬಣ್ಣ ಮುಳುಗದೆ ತೇಲುವಂತೆ, ಒಂದಕ್ಕೊಂದು ಬೆರೆಯದೆ ಗೆರೆ ಕಾಯ್ದುಕೊಳ್ಳುವಂತೆ ಮಾಡಲು ಈ ಕಲೆಯಲ್ಲಿ ಪ್ರಾಣಿಯ ಪಿತ್ತರಸವನ್ನು ಬೆರೆಸುವುದುಂಟು. ಇಂದು ಬಟ್ಟಲಿನಲ್ಲಿ ಪಾತ್ರೆ ತೊಳೆಯುವ ದ್ರವ ಮಾಡುವ ಕೆಲಸವನ್ನೇ ಪಿತ್ತರಸ ಮಾಡುತ್ತದೆ.

ಅಲ್ಲಿಂದ ಕ್ಯಾಮೆರಾದ ಕಾಲಕ್ಕೆ ಬಂದರೆ, ವಸ್ತುವನ್ನು ಗುರುತಿಸಲಾಗದಂತಹ ಛಾಯಾಚಿತ್ರಗಳನ್ನು ಆಲ್ವಿನ್ ಲ್ಯಾಂಗ್‌ಡನ್ ಕೋಬರ್ನ್ 1917ರ ವೇಳೆಗೇ ತೆಗೆದಿದ್ದ. 1960ರ ದಶಕದ ಅಮೆರಿಕದ ಸಂಗೀತ ಕಛೇರಿಗಳಲ್ಲಿ ಬಾಗಿದ ಗಾಜುಗಳ ನಡುವೆ ಬಣ್ಣದ ಎಣ್ಣೆ, ನೀರು ಹಾಕಿ ಪರದೆಯ ಮೇಲೆ ಬೀಳಿಸುವ ರೂಢಿ ಬಂತು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಕೊನೆಯ ಭಾಗದ ನಕ್ಷತ್ರಲೋಕಗಳಲ್ಲಿ ಕೆಲವು, ತೊಟ್ಟಿಯ ದ್ರವದಲ್ಲಿ ಬಣ್ಣ ಬಿಟ್ಟು ಸಮೀಪದಿಂದ ಚಿತ್ರಿಸಿದವು. ಬ್ರಹ್ಮಾಂಡ ತೋರಿಸಲು ತೊಟ್ಟಿ ಸಾಕಾಯಿತು.

ಬೇಕಾದ ಸಲಕರಣೆ

ಅಂಗಡಿಗೆ ಹೋಗುವ ಮುನ್ನ ಮನೆಯ ಕಪಾಟು ತೆರೆಯಬೇಕು. ತಳ ಚಪ್ಪಟೆಯಾದ, ನಕಾಶಿಯಿಲ್ಲದ ಗಾಜಿನ ಬಟ್ಟಲು ಅಥವಾ ತಟ್ಟೆ ಮುಖ್ಯ. ಸ್ಟೀಲ್ ಪಾತ್ರೆ ಬಾರದು. ಬೆಳಕು ಕೆಳಗಿನಿಂದ ಬರಬೇಕು. ಎರಡು ಇಟ್ಟಿಗೆ ಕಂಬ ಅಥವಾ ಕವುಚಿ ಹಾಕಿದ ಎರಡು ಡಬ್ಬಗಳ ಮೇಲೆ ಬಟ್ಟಲನ್ನು ಕೂರಿಸಿ, ಅದರ ಕೆಳಗೆ ಕನಿಷ್ಠ ಒಂದು ಗೇಣು ಜಾಗ ಬಿಟ್ಟು ಬಣ್ಣದ ಕಾಗದ ಹಾಸಬೇಕು. ಈ ಅಂತರ ಕಡಿಮೆಯಾದರೆ ಕಾಗದದ ನಾರು, ಮಡಿಕೆಗಳೂ ಚಿತ್ರದಲ್ಲಿ ಸ್ಪಷ್ಟವಾಗಿ ಕಂಡು ಆಟ ಕೆಡುತ್ತದೆ. ಕಾಗದವೇ ಆಗಬೇಕೆಂದಿಲ್ಲ. ಇಳಕಲ್ ಸೀರೆಯ ಅಂಚು, ಗಾಜಿನ ಬಳೆಗಳು, ತಟ್ಟೆಯಲ್ಲಿ ಹರಡಿದ ರಂಗೋಲಿ ಪುಡಿ, ಬಾಳೆಎಲೆ, ಎಲ್ಲವೂ ಹನಿಯೊಳಗೆ ಹೊಸ ರೂಪ ಪಡೆಯುತ್ತವೆ. ಹಳೆಯ ಉಡುಗೊರೆ ಕಾಗದಗಳ ಹೊಳಪು ಕಣ್ಣು ಸೆಳೆಯುತ್ತದೆ, ಆದರೆ ಬೇಗ ಬೇಸರ ತರಿಸುತ್ತದೆ. ಎರಡೇ ಬಣ್ಣದ, ಒಂದೇ ಅಂಚಿನ ಬಟ್ಟೆಯೇ ಬಹಳ ಸಲ ಹೆಚ್ಚು ಗಟ್ಟಿ ಚಿತ್ರ ಕೊಡುತ್ತದೆ.

ಬೆಳಕನ್ನು ಕಾಗದದ ಮೇಲೆ ಬೀಳಿಸಬೇಕು, ಬಟ್ಟಲಿನ ಮೇಲೆ ಅಲ್ಲ. ಮೇಲಿನಿಂದ ಬೆಳಕು ಬಿದ್ದರೆ ಪ್ರತಿ ಹನಿಯ ನೆತ್ತಿಯಲ್ಲೂ ದೀಪದ ಬಿಳಿ ಚುಕ್ಕೆ ಕೂರುತ್ತದೆ. ಕಿಟಕಿಯ ಬೆಳಕಿದ್ದರೆ ಅದೇ ಸಾಕು. ಮಳೆಗಾಲದ ಮೋಡದ ಬೆಳಕಂತೂ ಮೃದುವಾಗಿರುತ್ತದೆ. ವಿದ್ಯುದ್ದೀಪ ಬಳಸುವವರು ಒಂದು ಸಂಗತಿ ಗಮನಿಸಬೇಕು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು; ಅಗ್ಗದ ಎಲ್ಇಡಿ ಮತ್ತು ಹಳೆಯ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ ಹೆಚ್ಚಿದರೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬೀಳುತ್ತವೆ. ವೇಗವನ್ನು ಸೆಕೆಂಡಿನ ನೂರನೆಯ ಒಂದು ಅಥವಾ ಐವತ್ತನೆಯ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಫ್ಲ್ಯಾಷ್ ಇದ್ದವರು ಅದನ್ನು ಕೆಳಗಿನ ಕಾಗದದತ್ತ ಹಾರಿಸಿದರೆ ತೇಲುವ ಹನಿಗಳೂ ಕದಲದೆ ನಿಂತಂತೆ ಮೂಡುತ್ತವೆ.

ಎಣ್ಣೆಯ ಆಯ್ಕೆಗೂ ಊರಿನ ಹವೆಗೂ ನಂಟಿದೆ. ಸೂರ್ಯಕಾಂತಿ ಎಣ್ಣೆ ತಿಳಿಯಾದದ್ದು, ಎಲ್ಲ ಕಾಲಕ್ಕೂ ಸಲ್ಲುವಂಥದ್ದು. ಕಡಲೆಕಾಯಿ ಎಣ್ಣೆಗೆ ತುಸು ಹಳದಿ. ಹುಚ್ಚೆಳ್ಳೆಣ್ಣೆಗೆ ಮತ್ತಷ್ಟು ಗಾಢ ಛಾಯೆ. ಬೇಕೆಂದೇ ಆ ಬೆಚ್ಚನೆಯ ಬಣ್ಣ ಬಳಸಿಕೊಳ್ಳಬಹುದು. ಹರಳೆಣ್ಣೆ ಮಂದ, ಹನಿ ಆಕಾರಕ್ಕೆ ಬರಲು ಹೊತ್ತು ತೆಗೆದುಕೊಂಡರೂ ಬಂದ ಮೇಲೆ ಓಡಾಡುವುದಿಲ್ಲ, ಕೈ ನಿಧಾನವಿರುವವರಿಗೆ ಅನುಕೂಲ. ಕೊಬ್ಬರಿ ಎಣ್ಣೆಯ ಕಥೆಯೇ ಬೇರೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಹಾಸನ ಜಿಲ್ಲೆಯ ಧನುರ್ಮಾಸದ ಬೆಳಗಿನಲ್ಲಿ ಅದು ಬಾಟಲಿಯಿಂದಲೇ ಈಚೆಗೆ ಬಾರದು. ಬಿಸಿಲಿಗಿಟ್ಟು ಕರಗಿಸಿ ತಣ್ಣೀರಿಗೆ ಬಿಟ್ಟರೆ ಹನಿ ನೋಡುನೋಡುತ್ತಲೇ ಮಬ್ಬಾಗುತ್ತದೆ. ತಿಳಿ ಮಸೂರ ಬೇಕೆನ್ನುವವರಿಗೆ ಇದು ದೋಷ. ಹೆಪ್ಪುಗಟ್ಟುವಿಕೆಯನ್ನೇ ಚಿತ್ರಿಸಬೇಕೆನ್ನುವವರಿಗೆ ಇದೇ ಸಂಪತ್ತು. ಅದರ ಮಾತು ಮುಂದಿದೆ.

ನೀರನ್ನು ಕುದಿಸಿ ಆರಿಸಿದರೆ ಅದರಲ್ಲಿ ಕರಗಿದ ಗಾಳಿ ಹೋಗಿ, ಬಟ್ಟಲಿನ ತಳಕ್ಕೆ ಅಂಟುವ ಸಣ್ಣ ಗುಳ್ಳೆಗಳ ಕಾಟ ತಪ್ಪುತ್ತದೆ. ಕೊಳವೆಬಾವಿಯ ಗಡಸು ನೀರಿಗೆ ಬಟ್ಟೆ ಸಾಬೂನು ಸೇರಿದರೆ ಬಿಳಿ ಕೆನೆ ಕಟ್ಟುತ್ತದೆ. ಆದ್ದರಿಂದ ಸಾಬೂನಿನ ಬದಲು ಪಾತ್ರೆ ತೊಳೆಯುವ ದ್ರವವೇ ಲೇಸು. ಅದೂ ಹನಿಗಟ್ಟಲೆ ಅಲ್ಲ. ಕಡ್ಡಿಯ ತುದಿಯನ್ನು ಅದರಲ್ಲಿ ಅದ್ದಿ ನೀರಿಗೆ ಮುಟ್ಟಿಸಿದರೆ ಮುಗಿಯಿತು. ಮುಟ್ಟಿದ ಕ್ಷಣದಲ್ಲಿ ಎಣ್ಣೆಯ ಹನಿಗಳೆಲ್ಲ ಬೆದರಿದ ಮೀನುಮರಿಗಳಂತೆ ಅಂಚಿಗೆ ಓಡುತ್ತವೆ. ನೀರಿನ ಎಳೆತ ಆ ಬಿಂದುವಿನಲ್ಲಿ ಥಟ್ಟನೆ ತಗ್ಗಿ, ಎಳೆತ ಹೆಚ್ಚಿರುವ ಕಡೆಗೆ ಮೇಲ್ಮೈಯೇ ಸರಿಯುವುದರ ಫಲವಿದು. ಆಮೇಲೆ ಅಗಲವಾಗಿ ಹರಡಿದ್ದ ಎಣ್ಣೆ ಕುಗ್ಗಿ ದುಂಡಗಾಗುತ್ತದೆ, ಹನಿಗಳು ಒಂದನ್ನೊಂದು ಬೇಗನೆ ನುಂಗುವುದೂ ಕಡಿಮೆಯಾಗುತ್ತದೆ. ದ್ರವ ಹೆಚ್ಚಾದರೆ ಎಣ್ಣೆ ಸಾವಿರ ಚೂರಾಗಿ ನೀರು ಮಜ್ಜಿಗೆಯಂತಾಗುತ್ತದೆ. ಆಗ ಚೆಲ್ಲಿ ಮೊದಲಿನಿಂದ ತೊಡಗುವುದೊಂದೇ ದಾರಿ.

ಹನಿಯ ಗಾತ್ರವೂ ಚಿತ್ರವನ್ನು ನಿರ್ಧರಿಸುತ್ತದೆ. ಸಣ್ಣ ಹನಿ ಪೂರ್ತಿ ಉಬ್ಬಿರುವುದರಿಂದ ಅದರೊಳಗೆ ಇಡೀ ಹಿನ್ನೆಲೆ ಅಡಗುತ್ತದೆ. ದೊಡ್ಡ ಹನಿಯನ್ನು ಅದರ ಭಾರವೇ ಚಪ್ಪಟೆ ಮಾಡುತ್ತದೆ. ನಡುಭಾಗ ಕಿಟಕಿಯ ಗಾಜಿನಂತೆ ನೇರ ತೋರಿಸಿದರೆ, ಅಂಚು ಮಾತ್ರ ಬೆಳಕನ್ನು ಬೇರೆಡೆಗೆ ಬಾಗಿಸಿ ಕಪ್ಪು ಬಳೆಯಾಗಿ ಕಾಣುತ್ತದೆ. ಆ ಕಪ್ಪು ಬಳೆಯೇ ಚಿತ್ರಕ್ಕೆ ರೇಖೆ ಕೊಡುವುದು. ದೊಡ್ಡದೊಂದು, ಅದಕ್ಕೊರಗಿದ ನಾಲ್ಕಾರು ಸಣ್ಣವು ಎಂಬ ಜೋಡಣೆ ಸಾಮಾನ್ಯವಾಗಿ ಒಪ್ಪುತ್ತದೆ.

ಕ್ಯಾಮೆರಾದ ಲೆಕ್ಕಾಚಾರ

ಮ್ಯಾಕ್ರೊ ಲೆನ್ಸ್ ಇದ್ದರೆ ಮಾತೇ ಇಲ್ಲ. ಆದರೆ ಅದರ ಬೆಲೆ ಸಣ್ಣ ಊರಿನ ಹವ್ಯಾಸಿಗೆ ಎಟುಕುವುದು ಕಷ್ಟ. ಕ್ಯಾಮೆರಾದೊಂದಿಗೆ ಬರುವ ಸಾಮಾನ್ಯ ಲೆನ್ಸನ್ನೇ ಹಿಂದುಮುಂದಾಗಿ ಕೂಡಿಸುವ ಉಂಗುರ ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ. ಮನೆಯಲ್ಲಿ ಫಿಲಂ ಕಾಲದ 50 ಮಿ.ಮೀ. ಲೆನ್ಸ್ ಉಳಿದಿದ್ದರೆ ಅದು ಇನ್ನೂ ಉತ್ತಮ. ಹೊಸ ಲೆನ್ಸುಗಳಲ್ಲಿ ಅಪರ್ಚರನ್ನು ಕ್ಯಾಮೆರಾವೇ ವಿದ್ಯುತ್ತಿನಿಂದ ನಡೆಸುವುದರಿಂದ ತಿರುಗಿಸಿ ಹಾಕಿದಾಗ ಆ ಹಿಡಿತ ತಪ್ಪುತ್ತದೆ. ಹಳೆಯದರಲ್ಲಿ ಕೈಯಿಂದಲೇ ತಿರುಗಿಸುವ ಬಳೆಯಿರುತ್ತದೆ. ಲೆನ್ಸ್ ತಿರುಗಿಸಿದಾಗ ಕ್ಯಾಮೆರಾದ ಒಳಕ್ಕೆ ದೂಳು ಹೋಗದಂತೆ ನೋಡಿಕೊಳ್ಳುವುದು ಅಗತ್ಯ.

ಇಷ್ಟು ಸಮೀಪದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಬಹಳ ಕಿರಿದು. ವಸ್ತುವಿನ ಗಾತ್ರದಷ್ಟೇ ದೊಡ್ಡ ಬಿಂಬ ಸೆನ್ಸರಿನ ಮೇಲೆ ಬೀಳುವಾಗ, ಎಫ್/8ರಲ್ಲಿ ಅದು ಸಾಮಾನ್ಯ ಡಿಎಸ್ಎಲ್ಆರ್‌ನಲ್ಲಿ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚಷ್ಟೆ. ಕ್ಯಾಮೆರಾ ನೀರಿಗೆ ಒಂದಿಷ್ಟು ವಾರೆಯಾದರೂ ಚಿತ್ರದ ಒಂದು ಮೂಲೆ ಮಸುಕಾಗುತ್ತದೆ. ಹಾಗೆಂದು ಅಪರ್ಚರನ್ನು ಎಫ್/22ಕ್ಕೆ ಕಿರಿದುಗೊಳಿಸಿದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೊಂಡಾಗುತ್ತದೆ. ಎಫ್/8ರಿಂದ ಎಫ್/11ರ ನಡುವೆ ಇರುವುದು ಕ್ಷೇಮ. ಐಎಸ್ಒ 100 ಅಥವಾ 200, ಎರಡು ಸೆಕೆಂಡಿನ ಟೈಮರ್, ಕೈ ತಗುಲದ ನಿಲುವುಗಂಬ. ನೆಲದ ಮೇಲೆ ಯಾರಾದರೂ ನಡೆದರೂ ನೀರು ನಡುಗುತ್ತದೆ; ಮನೆಯವರೆಲ್ಲ ಮಲಗಿದ ಮೇಲೆ ಕೆಲಸಕ್ಕೆ ಇಳಿಯುವುದು ಇದೇ ಕಾರಣಕ್ಕೆ ಒಳ್ಳೆಯದು. ಫ್ಯಾನು ಆರಿಸುವುದನ್ನಂತೂ ಮರೆಯಬಾರದು.

ಅನುಭವಿಗಳೂ ಎಡವುವ ಒಂದು ಸೂಕ್ಷ್ಮವಿದೆ. ಹನಿಯ ಅಂಚು ಇರುವುದು ನೀರಿನ ಮಟ್ಟದಲ್ಲಿ. ಹನಿಯೊಳಗೆ ಕಾಣುವ ಹಿನ್ನೆಲೆಯ ಬಿಂಬ ಕೂಡುವುದು ಅದಕ್ಕಿಂತ ತುಸು ಮೇಲೆ. ಅಂಚನ್ನು ಸ್ಪಷ್ಟಗೊಳಿಸಿದರೆ ಒಳಗಿನ ಬಿಂಬ ಮಸುಕು, ಬಿಂಬವನ್ನು ಸ್ಪಷ್ಟಗೊಳಿಸಿದರೆ ಅಂಚು ಮಸುಕು. ಯಾವುದು ಮುಖ್ಯವೆಂದು ಮೊದಲೇ ನಿರ್ಧರಿಸಿಕೊಳ್ಳಬೇಕು. ಬಣ್ಣಗಳ ಹರಹು ಬೇಕಾದವರಿಗೆ ಅಂಚು, ಹನಿಯೊಳಗೆ ಹೂವೋ ಬಳೆಯೋ ಕಾಣಬೇಕೆನ್ನುವವರಿಗೆ ಬಿಂಬ.

ಮೊಬೈಲ್ ಫೋನು ಇಲ್ಲಿ ಕೀಳಲ್ಲ. ಅದರ ಸೆನ್ಸರ್ ಪುಟ್ಟದಾದ್ದರಿಂದ ಸ್ಪಷ್ಟತೆಯ ಆಳ ಹೆಚ್ಚು. ಭೂತಗನ್ನಡಿಯನ್ನೋ ಅಗ್ಗದ ಕ್ಲಿಪ್ ಲೆನ್ಸನ್ನೋ ಮುಂದಿಟ್ಟು, ಪುಸ್ತಕಗಳ ಎರಡು ರಾಶಿಗಳ ನಡುವೆ ಸೇತುವೆಯಂತೆ ಫೋನನ್ನು ಮಲಗಿಸಿ, ಫೋಕಸ್ ಬೀಗ ಹಾಕಿ ತೆಗೆದರೆ ದೊಡ್ಡ ಅಳತೆಗೆ ಮುದ್ರಿಸಬಹುದಾದ ಚಿತ್ರವೇ ಸಿಗುತ್ತದೆ.

ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆಗೆ ಮರಳಿದರೆ, ಅದರ ಹರಳುಗಳು ಬೆಳಕನ್ನು ಎರಡಾಗಿ ಸೀಳುವ ಗುಣದವು. ಇದನ್ನು ಕಾಣಲು ಧ್ರುವೀಕರಿಸಿದ ಬೆಳಕು ಬೇಕು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಿಂದ ಹೊಮ್ಮುವುದು ಅಂತಹ ಬೆಳಕೇ. ಪರದೆಯನ್ನು ನೀರು ತಾಗದಷ್ಟು ದೂರದಲ್ಲಿ, ಪ್ಲಾಸ್ಟಿಕ್ ಹಾಳೆ ಹೊದಿಸದೆ, ಗಾಜು ಮಾತ್ರ ಮುಚ್ಚಿ ಬಟ್ಟಲಿನ ಕೆಳಗೆ ಬಿಳಿಯಾಗಿ ಬೆಳಗಿಸಿ, ಕ್ಯಾಮೆರಾದ ಮುಂದೆ ಪೋಲರಾಯ್ಡ್ ತಂಪುಕನ್ನಡಕದ ಗಾಜನ್ನು ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಹಿನ್ನೆಲೆಯೆಲ್ಲ ಕಪ್ಪಾಗಿ ಹರಳುಗಳು ಮಾತ್ರ ಬೆಳಗುತ್ತವೆ. ಪ್ಲಾಸ್ಟಿಕ್ ಬೇಡವೆನ್ನಲು ಕಾರಣ, ಅದೂ ತನ್ನದೇ ಬಣ್ಣ ತೋರಿಸಿ ಹರಳಿನ ಬಣ್ಣವನ್ನು ಕೆಡಿಸುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕಗಳನ್ನು ಪ್ರಕಟಿಸಿದರು. ದ್ರವಸ್ಫಟಿಕಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಕ್ರಮವೂ ತತ್ತ್ವದಲ್ಲಿ ಇದೇ, ಎರಡು ಧ್ರುವೀಕಾರಕಗಳ ನಡುವೆ ಇಟ್ಟು ನೋಡುವುದು.

ಇದೂ ಛಾಯಾಚಿತ್ರವೇ?

ಬೆಂಗಳೂರು ದೇಶದ ಹವ್ಯಾಸಿ ಛಾಯಾಗ್ರಹಣದ ದೊಡ್ಡ ನೆಲೆಗಳಲ್ಲೊಂದು. ಭಾರತೀಯ ಛಾಯಾಗ್ರಹಣ ಒಕ್ಕೂಟದ ಸ್ಥಾಪಕ ಡಾ. ಜಿ. ಥಾಮಸ್ ಇಲ್ಲಿಯವರು. 1971ರಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇಂದಿಗೂ ಸ್ಪರ್ಧೆ, ಪ್ರದರ್ಶನಗಳನ್ನು ನಡೆಸುತ್ತಿದೆ. ಈ ವಲಯದ ದೊಡ್ಡ ಕೀರ್ತಿ ವನ್ಯಜೀವಿ ಚಿತ್ರಗಳಿಂದ ಬಂದದ್ದು. ಕಾಡಿಗೆ ಹೋಗಲು ವಾಹನ, ಉದ್ದನೆಯ ಲೆನ್ಸು, ದಿನಗಟ್ಟಲೆ ಬಿಡುವು ಬೇಕು. ಮೇಜಿನ ಮೇಲೆ ಜೋಡಿಸಿ ತೆಗೆಯುವ ಚಿತ್ರಕ್ಕೆ ಅದಾವುದೂ ಬೇಡ. ಕೊಣನೂರಿನ ಕಾಲೇಜು ವಿದ್ಯಾರ್ಥಿಯೂ ಮಹಾನಗರದ ಹವ್ಯಾಸಿಯೂ ಸಮನಾಗಿ ನಿಲ್ಲಬಹುದಾದ ಕೆಲವೇ ವಿಭಾಗಗಳಲ್ಲಿ ಇದೊಂದು.

ಆ ಸಮಾನತೆಗೇ ಈಗ ಕುತ್ತು ಬಂದಿದೆ. ನಾಲ್ಕು ಮಾತು ಟೈಪಿಸಿದರೆ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಎಣ್ಣೆ, ನೀರು, ಗುಳ್ಳೆಗಳ ಹೊಳೆಯುವ ಚಿತ್ರವನ್ನು ಕ್ಷಣದಲ್ಲಿ ಒದಗಿಸುತ್ತದೆ. ಹುಲಿಯ ಚಿತ್ರದಲ್ಲಾದರೆ ಒಂದು ಉಗುರು ಹೆಚ್ಚಾಗಿ ಸಿಕ್ಕಿಬೀಳಬಹುದು. ಅಮೂರ್ತ ಚಿತ್ರದಲ್ಲಿ ತಪ್ಪು ಹಿಡಿಯುವುದು ಕಠಿಣ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯಲ್ಲಿ ಗೆದ್ದ ತನ್ನ ಚಿತ್ರ ಯಂತ್ರ ಸೃಷ್ಟಿಸಿದ್ದೆಂದು ತಾನೇ ಹೇಳಿ ಬಹುಮಾನ ನಿರಾಕರಿಸಿದ್ದು ತೀರ್ಪುಗಾರರ ಕಣ್ಣಿನ ಮಿತಿಯನ್ನು ಬಯಲು ಮಾಡಿತು. ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್‌ನ ಮಾನ್ಯತೆಯ ಸ್ಪರ್ಧೆಗಳಲ್ಲಿ ಯಂತ್ರ ಸೃಷ್ಟಿಸಿದ ಚಿತ್ರಕ್ಕೆ ಪ್ರವೇಶವಿಲ್ಲ. ನಿಯಮವಿದ್ದರೆ ಸಾಲದು, ಸಂಶಯ ಬಂದಾಗ ನಿಜವಾಗಿ ದುಡಿದವನೇ ಸಾಕ್ಷಿ ಒದಗಿಸಬೇಕಾದ ಕಾಲವಿದು. ಆದ್ದರಿಂದ ಕ್ಯಾಮೆರಾದ ಮೂಲ ರಾ ಫೈಲುಗಳನ್ನು ಅಳಿಸಬಾರದು. ಒಂದು ಒಳ್ಳೆಯ ಚಿತ್ರದ ಹಿಂದುಮುಂದಿನ ಹತ್ತಾರು ಕೆಟ್ಟ ಚಿತ್ರಗಳನ್ನೂ ಉಳಿಸಬೇಕು. ಹನಿ ಸರಿದದ್ದು, ಎರಡು ಹನಿ ಕೂಡಿದ್ದು ಆ ಸರಣಿಯಲ್ಲಿ ಕಾಣುತ್ತದೆ. ಬಟ್ಟಲು, ಕಾಗದ, ದೀಪಗಳ ಜೋಡಣೆಯದೊಂದು ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದಿಟ್ಟರೆ ಇನ್ನೂ ಒಳಿತು. ಕಲಿಯುವವರಿಗೂ ಅದೇ ಹೆಚ್ಚು ಉಪಯೋಗದ್ದು.

ಯಂತ್ರದ ಚಿತ್ರಕ್ಕೂ ಬಟ್ಟಲಿನ ಚಿತ್ರಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲವೆಂದಾದರೆ ಇಷ್ಟು ಕಷ್ಟವೇಕೆ ಎಂಬ ಪ್ರಶ್ನೆ ಸಹಜ. ಬಟ್ಟಲಿನ ಹನಿ ವಕ್ರೀಭವನದ ನಿಯಮಕ್ಕೆ ತಲೆಬಾಗಲೇಬೇಕು. ಅದರೊಳಗಿನ ಬಿಂಬ ತಲೆಕೆಳಗಾಗಿಯೇ ಇರುತ್ತದೆ, ದೊಡ್ಡ ಹನಿ ಚಪ್ಪಟೆಯಾಗಿಯೇ ಇರುತ್ತದೆ. ತೆಗೆದವನು ಕೇಳಿದವರಿಗೆ ಪ್ರತಿಯೊಂದು ಗೆರೆಗೂ ಕಾರಣ ಹೇಳಬಲ್ಲ. ಟೈಪಿಸಿದವನಿಂದ ಅದಾಗದು.

ಎಚ್ಚರಿಕೆ

ಬಣ್ಣ ಹೆಚ್ಚು ಬರುತ್ತದೆಂದು ಪೆಟ್ರೋಲ್, ಸೀಮೆಎಣ್ಣೆ, ಥಿನ್ನರುಗಳನ್ನು ಮನೆಯೊಳಗೆ ಬಳಸುವ ಸಾಹಸ ಸಲ್ಲದು. ಮುಚ್ಚಿದ ಕೋಣೆ, ಬಿಸಿ ದೀಪ, ಆವಿಯಾಗುವ ಇಂಧನ ಮೂರೂ ಒಂದೆಡೆ ಸೇರಿದರೆ ಅಪಾಯ ಖಚಿತ. ಅಡುಗೆ ಎಣ್ಣೆಯಲ್ಲಿ ಸಿಗದ ಚೆಲುವು ಅವುಗಳಲ್ಲೂ ಇಲ್ಲ. ದೀಪದ ತಂತಿಗಳನ್ನು ನೀರಿನ ಬಟ್ಟಲಿನಿಂದ ದೂರ ಇಡಬೇಕು. ಮಕ್ಕಳು ಮಾಡುವುದಾದರೆ ಬ್ಯಾಟರಿ ಟಾರ್ಚೇ ಸಾಕು.

ಕೆಲಸ ಮುಗಿದ ಮೇಲೆ ಬಟ್ಟಲನ್ನು ನೇರವಾಗಿ ಚರಂಡಿಗೆ ಸುರಿಯುವ ಅಭ್ಯಾಸವೂ ಸರಿಯಲ್ಲ. ಒಂದು ಚಮಚ ಎಣ್ಣೆ 20 ಗುಂಟೆ ನೀರನ್ನು ಮುಚ್ಚಬಲ್ಲದೆಂಬ ಲೆಕ್ಕ ಮೇಲೆಯೇ ಬಂದಿದೆ. ಕೊಣನೂರಿನ ಪಕ್ಕದಲ್ಲೇ ಹರಿಯುವ ಕಾವೇರಿ ರಾಮನಾಥಪುರ ದಾಟಿ ಕೃಷ್ಣರಾಜಸಾಗರ ಸೇರುತ್ತದೆ. ಬಟ್ಟಲನ್ನು ಅರ್ಧ ಗಂಟೆ ಅಲುಗಿಸದೆ ಬಿಟ್ಟರೆ ಎಣ್ಣೆಯೆಲ್ಲ ಮೇಲೆ ಕೂಡುತ್ತದೆ. ಚಮಚದಿಂದ ತೆಗೆದು, ಉಳಿದ ಜಿಡ್ಡನ್ನು ಹಳೆಯ ವೃತ್ತಪತ್ರಿಕೆಯ ಚೂರಿನಿಂದ ಹೀರಿಸಿ ಒಲೆಗೋ ಕಸದ ಬುಟ್ಟಿಗೋ ಹಾಕಬಹುದು. ಡಿಟರ್ಜೆಂಟ್ ತಾಗಿದ ಎಣ್ಣೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ಬಟ್ಟಲನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿದರೆ ನೂಲಿನ ಎಳೆ ಅಂಟದೆ ಮರುದಿನದ ಪ್ರಯೋಗಕ್ಕೆ ಸಿದ್ಧವಿರುತ್ತದೆ.